ಎಲೆಯ ಪಾಲೆಷ್ಟು, ತಲೆಯ ಪಾಲೆಷ್ಟು

2015ರ ಏಪ್ರಿಲ್-ಮೇ ತಿಂಗಳಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನ ರಿವರ್ಸ್ ಕ್ಯಾಸಿನೊದಲ್ಲಿ ನಾಲ್ವರು ವೃತ್ತಿಪರ ಪೋಕರ್ ಆಟಗಾರರು ಒಂದು ಕಂಪ್ಯೂಟರ್ ಪ್ರೋಗ್ರಾಮಿನ ಎದುರು ಆಟಕ್ಕೆ ಕೂತರು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಸಿದ್ಧಪಡಿಸಿದ ಆ ಪ್ರೋಗ್ರಾಮಿನ ಹೆಸರು ಕ್ಲಾಡಿಕೊ. ಎರಡು ವಾರ, ಒಟ್ಟು 80,000 ಕೈ. ಕೊನೆಗೆ ಲೆಕ್ಕ ಕೂಡಿಸಿದಾಗ ಮನುಷ್ಯರು 7,32,713 ಚಿಪ್ ಮುಂದಿದ್ದರು. ನಾಲ್ವರಲ್ಲಿ ಮೂವರು ಗೆದ್ದಿದ್ದರು, ಒಬ್ಬರು 80 ಸಾವಿರ ಚಿಪ್ಪಿನಷ್ಟು ಸೋತಿದ್ದರು. ಯಾರೇ ನೋಡಿದರೂ ಮನುಷ್ಯರ ಗೆಲುವು. ವಿಶ್ವವಿದ್ಯಾಲಯದವರು ಮಾತ್ರ, ಸಂಖ್ಯಾಶಾಸ್ತ್ರದ ಪ್ರಕಾರ ಇದು ಸಮ ಸಮ ಎಂದರು. ಇಷ್ಟು ಅಂತರ ಬರೀ ಎಲೆ ಬಿದ್ದ ರೀತಿಯಿಂದಲೂ ಬರಬಹುದು ಎಂಬುದು ಅವರ ವಾದ. ಗೆದ್ದವರ ಕಿವಿಗೆ ಅದು ಸೋತವರ ಸಬೂಬಿನ ಹಾಗೆ ಕೇಳಿಸಿದ್ದರೆ ಆಶ್ಚರ್ಯವೇನಿಲ್ಲ.

80,000 ಕೈ ಎಂದರೆ, ಗೋವಾದ ಕ್ಯಾಸಿನೊ ಟೇಬಲ್ಲಿನಲ್ಲಿ ಗಂಟೆಗೆ 30 ಕೈಯಂತೆ ಆಡಿದರೂ 2,600 ಗಂಟೆಗಿಂತ ಹೆಚ್ಚು. ಅದೂ ಪಿಟ್ಸ್‌ಬರ್ಗಿನಲ್ಲಿ ಅದೃಷ್ಟದ ಪಾಲನ್ನು ಕಡಿಮೆ ಮಾಡಬೇಕೆಂದೇ ಒಬ್ಬ ಆಟಗಾರನಿಗೆ ಬಂದ ಎಲೆಗಳನ್ನು ಇನ್ನೊಬ್ಬನ ಎದುರು ಪ್ರೋಗ್ರಾಮಿಗೆ ಹಂಚುವ ವ್ಯವಸ್ಥೆಯಿತ್ತು. ಇಷ್ಟೆಲ್ಲ ಆದಮೇಲೂ ಯಾರು ಮೇಲು ಎಂದು ವಾದಿಸುವುದಕ್ಕೆ ಜಾಗ ಉಳಿಯಿತು. ಹಾಗಿರುವಾಗ ನಾಲ್ಕು ಶನಿವಾರ ಆಡಿ, ಜೇಬು ತಡವಿಕೊಂಡು, "ನನ್ನ ಆಟ ಈಗ ಸುಧಾರಿಸಿದೆ ಗುರೂ" ಎನ್ನುವವನ ಮಾತನ್ನು ಎಷ್ಟು ನಂಬಬೇಕು?

ಈ ಆಟದ ಪರಿಚಯವಿಲ್ಲದವರಿಗೆ ಎರಡು ಮಾತು. ಇಂದು ಪೋಕರ್ ಎಂದರೆ ಹೆಚ್ಚಾಗಿ ಟೆಕ್ಸಾಸ್ ಹೋಲ್ಡೆಮ್. ಒಬ್ಬೊಬ್ಬರಿಗೂ ಎರಡು ಮುಚ್ಚಿದ ಎಲೆ. ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ: ಮೊದಲು ಮೂರು ಒಟ್ಟಿಗೆ, ಅದು ಫ್ಲಾಪ್, ಆಮೇಲೆ ಟರ್ನ್, ಕೊನೆಗೆ ರಿವರ್. ಪ್ರತಿ ಹಂತದಲ್ಲೂ ಪಣ ಕಟ್ಟಬಹುದು, ಏರಿಸಬಹುದು, ಎಲೆ ಮಡಚಿ ಎದ್ದುಬಿಡಬಹುದು. ಕಡ್ಡಾಯವಾಗಿ ಕಟ್ಟಬೇಕಾದ ದೊಡ್ಡ ಪಣಕ್ಕೆ ಬಿಗ್ ಬ್ಲೈಂಡ್ ಎಂದು ಹೆಸರು. ಆಟಗಾರರು ಲಾಭ-ನಷ್ಟವನ್ನು ರೂಪಾಯಿಯಲ್ಲಿ ಹೇಳುವುದಿಲ್ಲ, 100 ಕೈಗೆ ಇಷ್ಟು ಬಿಗ್ ಬ್ಲೈಂಡ್ ಎಂದು ಹೇಳುತ್ತಾರೆ.

ನಮ್ಮಲ್ಲಿ ಕೌಶಲವೋ ಅದೃಷ್ಟವೋ ಎಂಬ ಪ್ರಶ್ನೆ ಬಹಳ ಕಾಲ ಕೋರ್ಟುಗಳ ಸೊತ್ತಾಗಿತ್ತು. 1957ರಲ್ಲಿ ಚಮರ್‌ಬಾಗ್‌ವಾಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಗಣನೀಯ ಕೌಶಲ ಬೇಡುವ ಸ್ಪರ್ಧೆ ಜೂಜಲ್ಲ ಎಂದಿತು. 1967ರಲ್ಲಿ ರಮ್ಮಿಯನ್ನು ಕೌಶಲದ ಆಟವೆಂದು ಒಪ್ಪಿ, ಮೂರೆಲೆಯನ್ನು ಶುದ್ಧ ಅದೃಷ್ಟದ ಸಾಲಿಗೆ ಹಾಕಿತು. ಪೋಕರ್ ನಡುವೆ ಸಿಕ್ಕಿಕೊಂಡಿತು. 2013ರಲ್ಲಿ ಕರ್ನಾಟಕ ಹೈಕೋರ್ಟಿನ ಆದೇಶವೊಂದರ ಆಸರೆಯಲ್ಲಿ ಬೆಂಗಳೂರಿನಲ್ಲಿ ಪೋಕರ್ ಕ್ಲಬ್ಬುಗಳು ನಡೆದವು. 2017ರಲ್ಲಿ ಗುಜರಾತ್ ಹೈಕೋರ್ಟು ಪೋಕರ್ ಜೂಜೇ ಎಂದಿತು. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು, 2022ರ ಫೆಬ್ರುವರಿ 14ರಂದು ಹೈಕೋರ್ಟು ಆ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ತಂದ ಕಾಯ್ದೆ, ಕೌಶಲವಿರಲಿ ಅದೃಷ್ಟವಿರಲಿ, ಹಣ ಕಟ್ಟುವ ಆನ್‌ಲೈನ್ ಆಟ ಕೂಡದು ಎಂದು ಆ ವ್ಯತ್ಯಾಸವನ್ನೇ ಬದಿಗಿಟ್ಟಿತು.

ಈ ವ್ಯಾಜ್ಯಗಳ ಗದ್ದಲದಲ್ಲಿ ಒಂದು ಗೊಂದಲ ಆಟಗಾರರ ತಲೆಗೂ ಇಳಿದಿದೆ. ಪೋಕರ್ ಕೌಶಲದ ಆಟ ಎಂದು ಸಾಬೀತಾದರೆ, ಪೋಕರಿನಲ್ಲಿ ಗೆದ್ದ ನಾನು ಕುಶಲ ಎಂದು ತಾನಾಗಿಯೇ ಸಾಬೀತಾಯಿತು ಎಂದುಕೊಳ್ಳುತ್ತಾರೆ. ಶಾಸ್ತ್ರೀಯ ಸಂಗೀತಕ್ಕೆ ಸಾಧನೆ ಬೇಕೆಂದು ಎಲ್ಲರೂ ಒಪ್ಪುತ್ತೇವೆ. ಅದರಿಂದ ಬಾತ್‌ರೂಮಿನಲ್ಲಿ ಹಾಡುವವನು ವಿದ್ವಾಂಸನಾಗುವುದಿಲ್ಲ.

ಆಟದ ಬಗೆಗಿನ ಪ್ರಶ್ನೆಗೆ ವಿದ್ವಾಂಸರು ಸಾಕಷ್ಟು ಉತ್ತರ ಕೊಟ್ಟಿದ್ದಾರೆ. ಎಲ್ಲಕ್ಕಿಂತ ಸರಳವಾದದ್ದು ಒಂದು ಪರೀಕ್ಷೆ: ಬೇಕೆಂದೇ ಸೋಲಲು ಸಾಧ್ಯವೇ? ಲಾಟರಿಯಲ್ಲಿ ಸಾಧ್ಯವಿಲ್ಲ, ಪೋಕರಿನಲ್ಲಿ ಸಲೀಸು. ಅಂದಮೇಲೆ ಆಡುವವನ ಕೈವಾಡ ಏನೋ ಇದೆ. 2009ರಲ್ಲಿ ಸಿಜಿಟಲ್ ಎಂಬ ಸಂಸ್ಥೆ 10.3 ಕೋಟಿ ಆನ್‌ಲೈನ್ ಕೈಗಳನ್ನು ಜಾಲಾಡಿ, ಅದರಲ್ಲಿ ಮುಕ್ಕಾಲು ಪಾಲು ಕೈಗಳು ಎಲೆ ತೋರಿಸುವ ಹಂತಕ್ಕೇ ಹೋಗದೆ ಮುಗಿದವು ಎಂದು ತೋರಿಸಿತು. ಪೋಕರ್ ಪರ ವಕೀಲರು ಇದನ್ನು ಎತ್ತಿ ಹಿಡಿದರು. ನನಗೆ ಇದು ಅಷ್ಟೇನೂ ಬಲವಾದ ಸಾಕ್ಷಿ ಅನ್ನಿಸುವುದಿಲ್ಲ. ಎಲೆ ತೋರಿಸದೆ ಗೆದ್ದವನು ಒಳ್ಳೆಯ ಎಲೆ ಬಂದದ್ದರಿಂದಲೇ ಧೈರ್ಯವಾಗಿ ಪಣ ಏರಿಸಿರಬಹುದಲ್ಲ.

ಇದಕ್ಕಿಂತ ಗಟ್ಟಿಯಾದ ಕೆಲಸ ಸ್ಟೀವನ್ ಲೆವಿಟ್ ಮತ್ತು ಥಾಮಸ್ ಮೈಲ್ಸ್ ಅವರದು. 2010ರ ವರ್ಲ್ಡ್ ಸೀರೀಸ್ ಆಫ್ ಪೋಕರ್ ಪಂದ್ಯಗಳನ್ನು ಅವರು ಎತ್ತಿಕೊಂಡರು. ಹಿಂದಿನ ಸಾಧನೆಯ ಆಧಾರದ ಮೇಲೆ ಕುಶಲರೆಂದು ಮೊದಲೇ ಗುರುತಿಸಬಹುದಾದ 720 ಮಂದಿಯನ್ನು ಒಂದು ಕಡೆ ಇಟ್ಟು, ಉಳಿದವರನ್ನು ಇನ್ನೊಂದು ಕಡೆ ಇಟ್ಟರು. ಮೊದಲ ಗುಂಪಿಗೆ ಹಾಕಿದ ದುಡ್ಡಿನ ಮೇಲೆ ಸರಾಸರಿ ಶೇ 30ಕ್ಕಿಂತ ಹೆಚ್ಚು ಲಾಭ, ಉಳಿದವರಿಗೆ ಶೇ 15 ನಷ್ಟ. ಇದರ ಜೀವಾಳ ಇರುವುದು ‘ಮೊದಲೇ’ ಗುರುತಿಸಿದರು ಎಂಬಲ್ಲಿ. ಪಂದ್ಯ ಮುಗಿದ ಮೇಲೆ ಗೆದ್ದವರನ್ನು ಆರಿಸಿ "ನೋಡಿ ಎಂಥ ಚತುರರು" ಎನ್ನುವುದು ಯಾರಿಗೂ ಬರುವ ವಿದ್ಯೆ.

ಎದುರು ಸಾಕ್ಷಿಯೂ ಇದೆ. ಜರ್ಮನಿಯ ಗೆರ್ಹಾರ್ಡ್ ಮೇಯರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 300 ಮಂದಿಯನ್ನು ಕೂರಿಸಿ, ಕೆಲವರಿಗೆ ಒಳ್ಳೆಯ, ಕೆಲವರಿಗೆ ಕೆಟ್ಟ, ಕೆಲವರಿಗೆ ಸಾಧಾರಣ ಎಲೆಗಳನ್ನು ಮೊದಲೇ ಜೋಡಿಸಿ 60 ಕೈ ಆಡಿಸಿದರು. ಕೊನೆಗೆ ಉಳಿದ ದುಡ್ಡಿನಲ್ಲಿ ನುರಿತವರಿಗೂ ಸಾಮಾನ್ಯರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕೆಟ್ಟ ಎಲೆ ಬಂದಾಗ ನುರಿತವರು ಕಡಿಮೆ ಕಳೆದುಕೊಂಡರು, ಅಷ್ಟೇ. 60 ಕೈ ಎಂದರೆ ಎರಡು ಗಂಟೆಯ ಆಟ. ಅಷ್ಟರಲ್ಲಿ ಕೌಶಲ ಕಾಣದಿದ್ದರೆ ಕೌಶಲವಿಲ್ಲ ಎಂದಾಗುವುದಿಲ್ಲ. ನೆದರ್ಲೆಂಡ್ಸಿನ ವಾನ್ ಲೂನ್ ಮತ್ತಿತರರು 2015ರಲ್ಲಿ ಆನ್‌ಲೈನ್ ಆಟದ ಒಂದು ವರ್ಷದ ದಾಖಲೆ ಹಿಡಿದು, ಸುಮಾರು 1,500 ಕೈ ದಾಟಿದ ಮೇಲೆ ಕೌಶಲದ ಪಾಲು ಅದೃಷ್ಟವನ್ನು ಮೀರುತ್ತದೆ ಎಂದು ಲೆಕ್ಕ ಹಾಕಿದ್ದಾರೆ.

ಈ 1,500 ಎಂಬ ಸಂಖ್ಯೆ ಆಟಗಾರರಿಗೆ ಬಹಳ ಹಿಡಿಸುತ್ತದೆ. ಐವತ್ತು ಗಂಟೆ ಆಡಿದರೆ ನನ್ನ ಯೋಗ್ಯತೆ ಗೊತ್ತಾಗುತ್ತದಲ್ಲ! ಆದರೆ ಅದು ಅತಿ ಜಾಣರೂ ಅತಿ ಪೆದ್ದರೂ ಬೆರೆತ ದೊಡ್ಡ ಸಂತೆಯ ಬಗ್ಗೆ ಹೇಳಿದ ಮಾತು. ನಿಮಗೆ ಬೇಕಾದದ್ದು ಒಬ್ಬನ ಲೆಕ್ಕ. ಅದು ಬೇರೆ, ಮತ್ತು ಕ್ರೂರ.

ಆರು ಜನರ ಆನ್‌ಲೈನ್ ಟೇಬಲ್ಲಿನಲ್ಲಿ 100 ಕೈಗೆ 5 ಬಿಗ್ ಬ್ಲೈಂಡ್ ಗೆಲ್ಲುವವನು ಒಳ್ಳೆಯ ಆಟಗಾರ. ಅದೇ 100 ಕೈಯಲ್ಲಿ ಫಲಿತಾಂಶದ ಏರಿಳಿತ, ಅಂದರೆ ಸಂಖ್ಯಾಶಾಸ್ತ್ರದವರು ಹೇಳುವ ಸ್ಟ್ಯಾಂಡರ್ಡ್ ಡೀವಿಯೇಷನ್, ಸುಮಾರು 100 ಬಿಗ್ ಬ್ಲೈಂಡ್. ಕೌಶಲದ ಗಳಿಕೆ 5, ಎಲೆಗಳ ಅಲೆ 100. ಆಟ ಮುಂದುವರಿದ ಹಾಗೆ ಗಳಿಕೆ ಕೈಗಳ ಲೆಕ್ಕದಲ್ಲೇ ಬೆಳೆಯುತ್ತದೆ, ಅಲೆ ಮಾತ್ರ ಅದರ ವರ್ಗಮೂಲದಷ್ಟು ಬೆಳೆಯುತ್ತದೆ. ಕೈಗಳು ನೂರು ಪಟ್ಟಾದರೆ ಗಳಿಕೆ ನೂರು ಪಟ್ಟು, ಅಲೆ ಹತ್ತು ಪಟ್ಟು. ಆದ್ದರಿಂದ 10,000 ಕೈಗೆ ಆ ಒಳ್ಳೆಯ ಆಟಗಾರನ ನಿರೀಕ್ಷಿತ ಲಾಭ 500, ಅಲೆ 1,000. ಇಷ್ಟರಿಂದ ಹೊರಡುವ ತೀರ್ಮಾನ: ಅಂಥವರು ಹತ್ತು ಮಂದಿ ಇದ್ದರೆ 10,000 ಕೈ ಮುಗಿದಾಗ ಸರಿಸುಮಾರು ಮೂವರು ನಷ್ಟದಲ್ಲಿರುತ್ತಾರೆ. ತಿರುಗಿಸಿ ಹೇಳಿದರೆ, 100 ಕೈಗೆ 5 ಬಿಗ್ ಬ್ಲೈಂಡ್ ಕಳೆದುಕೊಳ್ಳುವ ಹತ್ತು ಮಂದಿ ಸೋಲಾಳುಗಳಲ್ಲಿ ಮೂವರು ಲಾಭದಲ್ಲಿದ್ದು, ತಮ್ಮ ಪ್ರಗತಿಯ ಬಗ್ಗೆ ಪಾಠ ಹೇಳುತ್ತಿರುತ್ತಾರೆ. ಒಂದು ಲಕ್ಷ ಕೈ ಆದಮೇಲೂ ನೂರು ಮಂದಿ ಒಳ್ಳೆಯ ಆಟಗಾರರಲ್ಲಿ ಐದಾರು ಜನ ಮೈನಸ್ಸಿನಲ್ಲೇ ಇರುತ್ತಾರೆ.

ಇದು ಗೆಲ್ಲುವವನೋ ಸೋಲುವವನೋ ಎಂಬ ಪ್ರಶ್ನೆ. ಸುಧಾರಿಸಿದ್ದೇನೆಯೇ ಎಂಬ ಪ್ರಶ್ನೆ ಇದಕ್ಕಿಂತ ಕಠಿಣ, ಏಕೆಂದರೆ ಅಲ್ಲಿ ಎರಡು ಮಸುಕು ಚಿತ್ರಗಳನ್ನು ಹೋಲಿಸಬೇಕು. ಒಬ್ಬ ಹೋದ ವರ್ಷ 100 ಕೈಗೆ 2 ಗೆಲ್ಲುವ ಮಟ್ಟದಲ್ಲಿದ್ದ, ಪುಸ್ತಕ ಓದಿ, ತಾಲೀಮು ಮಾಡಿ ಈ ವರ್ಷ 5ರ ಮಟ್ಟಕ್ಕೆ ಬಂದ ಎನ್ನೋಣ. ಎರಡೂ ವರ್ಷ 50,000 ಕೈ ಆಡಿದ. ಒಂದೊಂದು ವರ್ಷದ ಸರಾಸರಿಯಲ್ಲೂ 4.5ರಷ್ಟು ಏರುಪೇರು ಇದ್ದೇ ಇರುತ್ತದೆ. ಎರಡರ ವ್ಯತ್ಯಾಸದಲ್ಲಿ ಅದು 6.3 ಆಗುತ್ತದೆ. ನಿಜವಾದ ಸುಧಾರಣೆ 3, ಅದನ್ನು ಮುಚ್ಚುವ ಗದ್ದಲ 6.3. ಈ ಮೂರನ್ನು ಸುಮಾರಾದ ಭರವಸೆಯಿಂದ ಗುರುತಿಸಬೇಕಾದರೆ ಮೊದಲು ಒಂಬತ್ತು ಲಕ್ಷ, ಆಮೇಲೆ ಒಂಬತ್ತು ಲಕ್ಷ ಕೈ ಬೇಕು. ಆನ್‌ಲೈನಿನಲ್ಲಿ ಒಟ್ಟಿಗೆ ನಾಲ್ಕು ಟೇಬಲ್ ಆಡುವವನಿಗೆ ಅದು ಕೆಲವು ವರ್ಷಗಳ ಮಾತು. ವಾರಕ್ಕೊಂದು ರಾತ್ರಿ ಆರು ಗಂಟೆ ಕೂರುವವನಿಗೆ ಒಂದು ಲಕ್ಷ ಕೈ ಮುಟ್ಟಲೇ ಹತ್ತು ವರ್ಷ ದಾಟುತ್ತದೆ. 2025ರ ಕಾಯ್ದೆಯ ಒಂದು ಪರಿಣಾಮವನ್ನು ಯಾರೂ ಅಷ್ಟಾಗಿ ಗಮನಿಸಿಲ್ಲ: ತನ್ನ ಆಟದ ಬಗ್ಗೆ ದಾಖಲೆಯಿಂದ ಏನಾದರೂ ತಿಳಿಯುವ ಒಂದೇ ದಾರಿ ಭಾರತದ ಆಟಗಾರನಿಗೆ ಮುಚ್ಚಿತು. ಕಳೆದುಕೊಳ್ಳುವುದನ್ನು ತಪ್ಪಿಸುವುದೇ ಆ ಕಾಯ್ದೆಯ ಉದ್ದೇಶವಾಗಿದ್ದರಿಂದ ಇದನ್ನು ದೂರಾಗಿ ಹೇಳುತ್ತಿಲ್ಲ.

ಟೂರ್ನಮೆಂಟಿನ ಕತೆ ಇನ್ನೂ ವಿಪರೀತ. ಬಹುಮಾನದ ಬಹುಪಾಲು ಮೇಲಿನ ಕೆಲವೇ ಸ್ಥಾನಗಳಿಗೆ ಹೋಗುತ್ತದೆ. ಸಾವಿರ ಮಂದಿಯ ಪಂದ್ಯದಲ್ಲಿ ನೀವು ಉಳಿದವರಿಗಿಂತ ಎರಡು ಪಟ್ಟು ಸಮರ್ಥರೆಂದರೆ ಗೆಲ್ಲುವ ಸಾಧ್ಯತೆ ಐನೂರಕ್ಕೆ ಒಂದು. ಅಂಥ ಐನೂರು ಪಂದ್ಯ ಆಡಿದರೂ ಒಂದನ್ನೂ ಗೆಲ್ಲದಿರುವ ಸಾಧ್ಯತೆ ಶೇ 37. ವರ್ಷಕ್ಕೆ ಐವತ್ತರಂತೆ ಹತ್ತು ವರ್ಷ, ಎಲ್ಲರಿಗಿಂತ ಎರಡು ಪಟ್ಟು ಚೆನ್ನಾಗಿ ಆಡಿ, ಬರಿಗೈ.

2003ರಲ್ಲಿ ಟೆನೆಸಿಯ ಅಕೌಂಟೆಂಟ್ ಕ್ರಿಸ್ ಮನಿಮೇಕರ್ ಆನ್‌ಲೈನಿನಲ್ಲಿ ಅಗ್ಗದ ಅರ್ಹತಾ ಪಂದ್ಯ ಗೆದ್ದು ಲಾಸ್ ವೇಗಸ್ಸಿಗೆ ಹೋದರು, 839 ಮಂದಿಯ ವರ್ಲ್ಡ್ ಸೀರೀಸ್ ಮುಖ್ಯ ಪಂದ್ಯದಲ್ಲಿ ಗೆದ್ದು 25 ಲಕ್ಷ ಡಾಲರ್ ತಂದರು. ಮರುವರ್ಷ 2,576 ಮಂದಿ ಬಂದರು, 2006ರಲ್ಲಿ 8,773. ಮನಿಮೇಕರ್ ಗೆದ್ದದ್ದರಿಂದ ಅವರ ಕೌಶಲ ಸಾಬೀತಾಯಿತೇ? 839 ಮಂದಿ ಕಣ್ಣುಮುಚ್ಚಿ ಆಡಿದ್ದರೂ ಒಬ್ಬರು ಗೆಲ್ಲಲೇಬೇಕಿತ್ತು. ಆ ವರ್ಷ ನನಗೆ ಹೆಚ್ಚು ಕುತೂಹಲದ ಹೆಸರು ಮೂರನೆಯ ಸ್ಥಾನದ್ದು: ಡ್ಯಾನ್ ಹ್ಯಾರಿಂಗ್ಟನ್. 1995ರಲ್ಲಿ ಇದೇ ಪಂದ್ಯ ಗೆದ್ದಿದ್ದವರು, 2003ರಲ್ಲಿ ಮೂರನೆಯವರು, 2004ರಲ್ಲಿ ನಾಲ್ಕನೆಯವರು. ಅಷ್ಟು ದೊಡ್ಡ ಜಾತ್ರೆಯಲ್ಲಿ ಎರಡು ವರ್ಷ ಸತತವಾಗಿ ಕೊನೆಯ ಮೇಜು ತಲುಪುವುದನ್ನು ಕಾಕತಾಳೀಯ ಎಂದು ತಳ್ಳಿಹಾಕುವುದು ಕಷ್ಟ. ಹಾಗಿದ್ದರೂ ಸಾವಿರಾರು ಹೆಸರುಗಳ ನಡುವಿನಿಂದ ಅವರ ಹೆಸರನ್ನು ನಾನು ಹೆಕ್ಕಿದ್ದು ಫಲಿತಾಂಶ ನೋಡಿದ ಮೇಲೆಯೇ.

ಈ ತೊಡಕು ಹೊಸದೇನಲ್ಲ. ವನಪರ್ವದ ನಳನ ಕತೆಯಲ್ಲಿ, ಕನಕದಾಸರಿಂದಾಗಿ ನಮಗೆ ಹೆಚ್ಚು ಆಪ್ತವಾದ ಕತೆಯಲ್ಲಿ, ಇದು ಬಹಳ ಸೊಗಸಾಗಿ ಕೂತಿದೆ. ಕಲಿ ಮೈಹೊಕ್ಕ ನಳ ತಮ್ಮ ಪುಷ್ಕರನೊಡನೆ ಜೂಜಾಡಿ ರಾಜ್ಯ ಕಳೆದುಕೊಳ್ಳುತ್ತಾನೆ. ಮುಂದೆ ಋತುಪರ್ಣ ರಾಜನ ಸಾರಥಿಯಾಗಿ ಹೋಗುವಾಗ, ರಾಜ ದಾರಿಬದಿಯ ತಾರೆ ಮರವನ್ನು ಒಂದು ಸಲ ನೋಡಿ ಅದರಲ್ಲಿ ಎಷ್ಟು ಎಲೆ, ಎಷ್ಟು ಕಾಯಿ ಎಂದು ಹೇಳಿಬಿಡುತ್ತಾನೆ. ನಳ ರಥ ನಿಲ್ಲಿಸಿ ಎಣಿಸುತ್ತಾನೆ, ಲೆಕ್ಕ ಸರಿಯಾಗಿರುತ್ತದೆ. ತನ್ನ ಅಶ್ವವಿದ್ಯೆ ಕೊಟ್ಟು ರಾಜನಿಂದ ಅಕ್ಷಹೃದಯ ಕಲಿಯುತ್ತಾನೆ. ಕಲಿತ ಆ ಕ್ಷಣವೇ ಕಲಿ ಅವನ ಮೈಬಿಟ್ಟು ಹೊರಡುತ್ತಾನೆ. ಮತ್ತೆ ಪುಷ್ಕರನೊಡನೆ ಆಟ, ಒಂದೇ ಪಣದಲ್ಲಿ ಗೆಲುವು. ಈಗ ಹೇಳಿ: ನಳ ಗೆದ್ದದ್ದು ವಿದ್ಯೆಯಿಂದಲೋ, ಕಲಿ ತೊಲಗಿದ್ದರಿಂದಲೋ? ಎರಡೂ ಒಂದೇ ಗಳಿಗೆಯಲ್ಲಿ ಆದವು, ಆಮೇಲೆ ಆಡಿದ್ದು ಒಂದೇ ಆಟ. ಯಾವ ಸಂಖ್ಯಾಶಾಸ್ತ್ರಜ್ಞನೂ ಇದನ್ನು ಬಿಡಿಸಲಾರ.

ಅದೃಷ್ಟವನ್ನು ಸೋಸಿ ತೆಗೆಯುವ ಉಪಾಯಗಳನ್ನು ಆಟಗಾರರು ಹುಡುಕದೆ ಇಲ್ಲ. ಹೆಚ್ಚು ಬಳಕೆಯಲ್ಲಿರುವುದು ಆಲ್-ಇನ್, ಅಂದರೆ ಇದ್ದ ದುಡ್ಡೆಲ್ಲ ಪಣಕ್ಕಿಟ್ಟ ಕೈಗಳ ಲೆಕ್ಕ. ಫ್ಲಾಪ್ ಬೀಳುವ ಮೊದಲೇ ಎಕ್ಕದ ಜೋಡಿ ಹಿಡಿದ ನಿಮ್ಮ 10,000 ರೂಪಾಯಿ, ರಾಜನ ಜೋಡಿ ಹಿಡಿದ ಎದುರಾಳಿಯ 10,000 ಮೇಜಿನ ನಡುವೆ ಬಿದ್ದಿದೆ ಎನ್ನೋಣ. ನೀವು ಗೆಲ್ಲುವ ಸಾಧ್ಯತೆ ಶೇ 82. ರಿವರಿನಲ್ಲಿ ಮೂರನೇ ರಾಜ ಬಂದು ನೀವು ಸೋತರೂ, ಈ ಲೆಕ್ಕದ ಪುಸ್ತಕದಲ್ಲಿ ನಿಮಗೆ 20,000ದ ಶೇ 82, ಅಂದರೆ 16,400 ಜಮೆಯಾಗುತ್ತದೆ, 6,400 ಲಾಭ. ಕಂಪ್ಯೂಟರ್ ಈ ಸಾಧ್ಯತೆಯ ಗೆರೆಯನ್ನು ನಿಜವಾದ ಗಳಿಕೆಯ ಗೆರೆಯ ಪಕ್ಕದಲ್ಲೇ ಎಳೆದು ತೋರಿಸುತ್ತದೆ. ಸೋಲುತ್ತಿರುವವನಿಗೆ ಆ ಮೇಲಿನ ಗೆರೆ ದೊಡ್ಡ ಸಮಾಧಾನ: ನಾನು ಚೆನ್ನಾಗಿಯೇ ಆಡುತ್ತಿದ್ದೇನೆ, ನಸೀಬು ಕೈಕೊಡುತ್ತಿದೆ.

ಅದು ಅರ್ಧ ಸತ್ಯ. ದುಡ್ಡೆಲ್ಲ ಒಳಗೆ ಹೋದ ಮೇಲಿನ ಎಲೆಗಳ ಅದೃಷ್ಟವನ್ನಷ್ಟೇ ಆ ಗೆರೆ ಕಳೆಯುತ್ತದೆ. ನಿಮಗೆ ಎಕ್ಕದ ಜೋಡಿ, ಅದೇ ಹೊತ್ತಿಗೆ ಅವನಿಗೆ ರಾಜನ ಜೋಡಿ ಬಂದದ್ದೇ ದೊಡ್ಡ ಅದೃಷ್ಟ, ಅದು ಲೆಕ್ಕದಲ್ಲಿ ಹಾಗೇ ಉಳಿಯುತ್ತದೆ. ರಾಜ ನಿಮ್ಮ ಕೈಯಲ್ಲಿದ್ದು ಎಕ್ಕ ಅವನ ಕೈಯಲ್ಲಿದ್ದರೆ ಅದೇ ಗೆರೆ ನಿಮಗೆ 6,400 ನಷ್ಟ ಬರೆಯುತ್ತದೆ. ಆದರೆ ರಾಜನ ಜೋಡಿ ಹಿಡಿದು ದುಡ್ಡು ಒಳಗೆ ಹಾಕಿದವನು ಮಾಡಿದ ತಪ್ಪೇನು? ಆಲ್-ಇನ್ ಆಗದೆ ಮುಗಿಯುವ ಕೈಗಳೇ ಹೆಚ್ಚು. ಅಲ್ಲಿ ನಿಮಗೆ ಬೇಕಾದ ಎಲೆ ಬಂದವೋ ಇಲ್ಲವೋ ಎಂಬುದನ್ನು ಈ ಲೆಕ್ಕ ಮುಟ್ಟುವುದೇ ಇಲ್ಲ.

ಸಂಶೋಧಕರು ಇದಕ್ಕಿಂತ ಮುಂದೆ ಹೋಗಿದ್ದಾರೆ. ಆಲ್ಬರ್ಟಾ ವಿಶ್ವವಿದ್ಯಾಲಯದ ಗುಂಪು ಬೆಳೆಸಿದ ಐವಾಟ್ ಎಂಬ ವಿಧಾನದಲ್ಲಿ, ಬಿದ್ದ ಪ್ರತಿ ಎಲೆಯೂ ಎಷ್ಟು ಅನುಕೂಲ ಮಾಡಿತು, ಎಷ್ಟು ಕೆಡಿಸಿತು ಎಂದು ಅಂದಾಜು ಮಾಡಿ ಫಲಿತಾಂಶದಿಂದ ಕಳೆಯುತ್ತಾರೆ. 2019ರಲ್ಲಿ ಪ್ಲುರಿಬಸ್ ಎಂಬ ಪ್ರೋಗ್ರಾಮು ಐವರು ವೃತ್ತಿಪರರ ನಡುವೆ ಕೂತು ಬರೀ 10,000 ಕೈಯಲ್ಲಿ, 100 ಕೈಗೆ ಸುಮಾರು 5 ಬಿಗ್ ಬ್ಲೈಂಡ್‌ನಂತೆ, ತನ್ನ ಮೇಲುಗೈ ತೋರಿಸಲು ಸಾಧ್ಯವಾದದ್ದು ಈ ಸೋಸುವಿಕೆಯಿಂದ. ಅದಿಲ್ಲದಿದ್ದರೆ 10,000 ಕೈಯ ಗೆಲುವಿಗೆ ಯಾವ ತೂಕವೂ ಇರುತ್ತಿರಲಿಲ್ಲ. 2017ರಲ್ಲಿ ಕ್ಲಾಡಿಕೊದ ಉತ್ತರಾಧಿಕಾರಿ ಲಿಬ್ರಾಟಸ್ ಅದೇ ಪಿಟ್ಸ್‌ಬರ್ಗ್ ಕ್ಯಾಸಿನೊದಲ್ಲಿ 1,20,000 ಕೈ ಆಡಿ, 100 ಕೈಗೆ 14.7 ಬಿಗ್ ಬ್ಲೈಂಡ್‌ನಂತೆ 17 ಲಕ್ಷಕ್ಕೂ ಹೆಚ್ಚು ಚಿಪ್ ಗೆದ್ದಾಗ ವಾದಕ್ಕೆ ಜಾಗವಿರಲಿಲ್ಲ. ಎರಡು ವರ್ಷದ ಹಿಂದಿನ ಮನುಷ್ಯರ ಅಂತರ 9 ಚಿಲ್ಲರೆ, ಕೈಗಳೂ ಕಡಿಮೆ. ಆದರೆ ಐವಾಟಿನ ಪೂರ್ತಿ ಪ್ರಯೋಜನ ಪ್ರೋಗ್ರಾಮಿಗೆ ಮಾತ್ರ, ಏಕೆಂದರೆ ಯಾವ ಎಲೆಗೆ ತಾನು ಏನು ಮಾಡುತ್ತಿದ್ದೆ ಎಂಬುದು ಅದರಲ್ಲಿ ಬರೆದಿಟ್ಟಿರುತ್ತದೆ. ನಮ್ಮ ನಿಮ್ಮ ತಲೆಯಲ್ಲಿ ಅಂಥ ಪಟ್ಟಿ ಇರುವುದಿಲ್ಲ.

ಹೀಗಾಗಿ ಗಂಭೀರ ಆಟಗಾರರೆಲ್ಲ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: ದುಡ್ಡನ್ನು ಬಿಡು, ನಿರ್ಧಾರವನ್ನು ನೋಡು. ಡೇವಿಡ್ ಸ್ಕ್ಲಾನ್‌ಸ್ಕಿ ತಮ್ಮ ಪೋಕರ್ ಸಿದ್ಧಾಂತದ ಪುಸ್ತಕದಲ್ಲಿ ಇದನ್ನೇ ಕಟ್ಟಿಕೊಟ್ಟರು; ಆನಿ ಡ್ಯೂಕ್ 2018ರ ‘ಥಿಂಕಿಂಗ್ ಇನ್ ಬೆಟ್ಸ್’ ಪುಸ್ತಕದಲ್ಲಿ, ಫಲಿತಾಂಶ ನೋಡಿ ನಿರ್ಧಾರದ ಗುಣ ಅಳೆಯುವ ಚಟವನ್ನು ಪೋಕರಿನಾಚೆಗೂ ಒಯ್ದು ವಿವರಿಸಿದರು. ಮಾತು ಸರಿ. ಅದನ್ನು ನಡೆಸುವುದು ಎಷ್ಟು ಜಾರು ಎಂಬುದಕ್ಕೆ ಒಂದು ಕೈ ನೋಡೋಣ.

ಪಾಟ್‌ನಲ್ಲಿ, ಅಂದರೆ ಮೇಜಿನ ನಡುವಿನ ಪಣದ ರಾಶಿಯಲ್ಲಿ, 1,000 ರೂಪಾಯಿ ಇದೆ. ಟರ್ನ್ ಬಿದ್ದಾಗಿದೆ. ನಿಮ್ಮ ಕೈಯಲ್ಲಿ ಎರಡು ಆಟೀನು, ಮೇಜಿನ ಮೇಲೆ ಎರಡು ಆಟೀನು. ಇನ್ನೊಂದು ಬಿದ್ದರೆ ಒಂದೇ ಜಾತಿಯ ಐದೆಲೆ, ಅಂದರೆ ಫ್ಲಶ್. ಎದುರಾಳಿ 500 ಕಟ್ಟುತ್ತಾನೆ. ನೀವು ಕಾಣದ ಎಲೆ 46, ಅದರಲ್ಲಿ ಆಟೀನು 9. ಗೆಲ್ಲುವ ಸಾಧ್ಯತೆ ಶೇ 20ಕ್ಕಿಂತ ಒಂದು ಕೂದಲು ಕಡಿಮೆ. 1,500 ಗೆಲ್ಲಲು 500 ಹಾಕುವವನಿಗೆ ಶೇ 25 ಬೇಕು. ಆದ್ದರಿಂದ ಈ 500 ಹಾಕುವುದು ತಪ್ಪು, ಒಂದೊಂದು ಸಲಕ್ಕೂ ಸರಾಸರಿ 109 ರೂಪಾಯಿಯ ತಪ್ಪು. ಆದರೂ ಹಾಕಿದಿರಿ, ಆಟೀನು ಬಿತ್ತು, 1,500 ಎಳೆದುಕೊಂಡಿರಿ. ಮನೆಗೆ ಹೋಗುವಾಗ ಈ ಕೈ ನಿಮ್ಮ ನೆನಪಿನಲ್ಲಿ ಧೈರ್ಯದ ಖಾತೆಗೆ ಹೋಗಿರುತ್ತದೆ. ಪುಸ್ತಕದ ಪ್ರಕಾರ ಅದು 109 ರೂಪಾಯಿ ನಷ್ಟ.

ಇಲ್ಲಿಯವರೆಗೆ ಸ್ಪಷ್ಟ. ಆದರೆ ಎದುರಾಳಿಯ ಹತ್ತಿರ ಇನ್ನೂ ದುಡ್ಡಿದೆ. ಆಟೀನು ಬಿದ್ದ ಮೇಲೆ ನೀವು ಪಣ ಏರಿಸಿದರೆ ಅವನು ನಂಬದೆ ದುಡ್ಡು ಹಾಕಬಹುದು. ಹಾಗೆ ಸರಾಸರಿ 556 ರೂಪಾಯಿ ಹೆಚ್ಚಿಗೆ ಸಿಗುವುದಾದರೆ ನಿಮ್ಮ 500 ಸರಿಯಾಗುತ್ತದೆ. ಸಿಗುತ್ತಿತ್ತೇ? ಅದು ಆ ಮನುಷ್ಯನ ಸ್ವಭಾವದ ಬಗ್ಗೆ ನಿಮ್ಮ ಅಂದಾಜು. "ಅವನು ಬಿಡೋ ಪೈಕಿ ಅಲ್ಲ, ಕೊಟ್ಟೇ ಕೊಡ್ತಿದ್ದ" ಎಂದು ಆಮೇಲೆ ಅನ್ನಿಸುವುದು ಬಹಳ ಸುಲಭ. ಗೆದ್ದಾಗ ಅಂದಾಜು 556ರ ಮೇಲಕ್ಕೆ ಹೋಗುತ್ತದೆ. ಸೋತಾಗಲೂ, ತನ್ನನ್ನು ಸಮರ್ಥಿಸಿಕೊಳ್ಳಬೇಕಾದ್ದರಿಂದ, ಮೇಲಕ್ಕೇ ಹೋಗುತ್ತದೆ. ನಿರ್ಧಾರವನ್ನು ಅಳೆಯಿರಿ ಎನ್ನುವವರು ಇದನ್ನು ಅಷ್ಟಾಗಿ ಹೇಳುವುದಿಲ್ಲ: ಅಳೆಯಲು ಬೇಕಾದ ತಿಳಿವಳಿಕೆ, ಚೆನ್ನಾಗಿ ಆಡಲು ಬೇಕಾದ ತಿಳಿವಳಿಕೆ ಎರಡೂ ಒಂದೇ. ಅದು ಕಡಿಮೆಯಿರುವವನಿಗೆ ತನ್ನ ತಪ್ಪು ತಪ್ಪಾಗಿ ಕಾಣುವುದಿಲ್ಲ.

ಸಾಲ್ವರ್ ಎಂಬ ತಂತ್ರಾಂಶಗಳು ಬಂದ ಮೇಲೆ ಇದಕ್ಕೆ ಹೊರಗಿನ ಒರೆಗಲ್ಲು ಸಿಕ್ಕಿತು. ಕೈಯನ್ನು ಅದಕ್ಕೆ ಕೊಟ್ಟರೆ, ಯಾರೂ ಲಾಭ ಹೊಡೆಯಲಾಗದಂಥ ಸಮತೋಲದ ಆಟ ಯಾವುದೆಂದು ಹೇಳುತ್ತದೆ, ನಿಮ್ಮ ನಡೆ ಅದರಿಂದ ಎಷ್ಟು ದೂರ ಎಂದೂ ಹೇಳುತ್ತದೆ. ತಿಂಗಳಿಗಿಷ್ಟು ಕೈಗಳನ್ನು ಹೀಗೆ ತೂಗಿ, ತಪ್ಪಿನ ಸರಾಸರಿ ಇಳಿಯುತ್ತಿದೆಯೇ ಎಂದು ನೋಡುವುದು ಗಳಿಕೆಯ ಗೆರೆ ನೋಡುವುದಕ್ಕಿಂತ ನೂರು ಪಾಲು ಮೇಲು. ಇಲ್ಲಿ ಕೆಲವು ನೂರು ಕೈಗಳಲ್ಲೇ ಏನಾದರೂ ಗೊತ್ತಾಗುತ್ತದೆ. ತೊಡಕು ಇಷ್ಟೇ: ಎದುರಾಳಿ ಯಾವ ಯಾವ ಎಲೆ ಹಿಡಿದಿರಬಹುದು ಎಂಬ ಪಟ್ಟಿಯನ್ನು ಸಾಲ್ವರಿಗೆ ಕೊಡುವವರು ನೀವೇ. ಶನಿವಾರದ ಟೇಬಲ್ಲಿನಲ್ಲಿ ಯಾವ ಪಣಕ್ಕೂ ಎಲೆ ಮಡಚದ ಮಹಾನುಭಾವನ ಎದುರು ಸಮತೋಲದ ಆಟಕ್ಕಿಂತ ಹೆಚ್ಚು ಗಳಿಸುವ ದಾರಿಗಳಿವೆ. ಅವನ್ನು ಹಿಡಿದವನಿಗೆ ಸಾಲ್ವರ್ ಕಡಿಮೆ ಅಂಕ ಕೊಡುತ್ತದೆ.

ಆ ಮಹಾನುಭಾವನ ವಿಚಾರ ಬಂದದ್ದರಿಂದ ಇದನ್ನೂ ಹೇಳಬೇಕು. ಪೋಕರ್ ಗಳಿಕೆ ಸಾಪೇಕ್ಷ. ನಿಮ್ಮ ಮೇಜಿನಲ್ಲಿ ಕೂರುತ್ತಿದ್ದ ಒಬ್ಬ ಉದಾರಿ ಊರು ಬಿಟ್ಟರೆ, ನಿಮ್ಮ ಆಟ ಕೂದಲಿನಷ್ಟೂ ಕೆಡದೆ ಗಳಿಕೆ ಅರ್ಧಕ್ಕೆ ಇಳಿಯಬಹುದು. ನೀವು ಕಲಿತಷ್ಟೇ ಉಳಿದವರೂ ಕಲಿತರೆ ಎಲ್ಲರೂ ಸುಧಾರಿಸುತ್ತಾರೆ, ಯಾರ ಗಳಿಕೆಯೂ ಹೆಚ್ಚುವುದಿಲ್ಲ. ಮೈಕೆಲ್ ಮೊಬಾಸಿನ್ ತಮ್ಮ ‘ದ ಸಕ್ಸೆಸ್ ಇಕ್ವೇಷನ್’ ಪುಸ್ತಕದಲ್ಲಿ ಇದನ್ನು ಕೌಶಲದ ವಿರೋಧಾಭಾಸ ಎನ್ನುತ್ತಾರೆ: ಎಲ್ಲರ ಮಟ್ಟ ಏರಿ ಅವರ ನಡುವಿನ ಅಂತರ ಕಿರಿದಾದಷ್ಟೂ ಗೆಲುವನ್ನು ಅದೃಷ್ಟವೇ ತೀರ್ಮಾನಿಸತೊಡಗುತ್ತದೆ. ಜೊತೆಗೆ ಪ್ರತಿ ಪಾಟ್‌ನಿಂದ ಆಟ ನಡೆಸುವವರು ಕಿತ್ತುಕೊಳ್ಳುವ ರೇಕ್. ಎದುರಾಳಿಗಳಿಂದ ಗೆದ್ದು ರೇಕ್‌ಗೆ ಸೋಲುವವರು ಬಹಳ. ಭಾರತದಲ್ಲಿ 2023ರ ಅಕ್ಟೋಬರ್ 1ರಿಂದ ಆನ್‌ಲೈನ್ ಆಟಕ್ಕೆ ಕಟ್ಟುವ ಹಣದ ಮೇಲೆ ಶೇ 28 ಜಿಎಸ್‌ಟಿ ಬಂದಾಗ, ಲಾಭ-ನಷ್ಟದ ಗಡಿ ರಾತ್ರೋರಾತ್ರಿ ಜರುಗಿತು. ಆಡುವವನ ಕೌಶಲ ಅವತ್ತು ಬದಲಾಗಿರಲಿಲ್ಲ.

ಇಷ್ಟೆಲ್ಲದರ ಮೇಲೆ ಮನಸ್ಸಿನ ಪಕ್ಷಪಾತ. ಗೆದ್ದದ್ದು ನನ್ನ ಬುದ್ಧಿಯಿಂದ, ಸೋತದ್ದು ಎಲೆ ಬೀಳದ್ದರಿಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಪೋಕರ್ ಟೇಬಲ್ಲಿಗೆ ಹೇಳಿ ಮಾಡಿಸಿದ ಹಾಗಿದೆ. ತಾಪತ್ರಯವೇನೆಂದರೆ ಈ ಆಟದಲ್ಲಿ ನೆಲ ನಿಜಕ್ಕೂ ಡೊಂಕು. ಬ್ಯಾಡ್ ಬೀಟ್ ಎನ್ನುವ, ಗೆಲ್ಲಬೇಕಿದ್ದ ಕೈ ಸೋತ ಕತೆಗಳನ್ನು ಆಟಗಾರರು ವರ್ಷಗಟ್ಟಲೆ ಹೇಳಿಕೊಂಡು ತಿರುಗುತ್ತಾರೆ. ಮನಶ್ಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದ ಮರಿಯಾ ಕೊನ್ನಿಕೋವಾ, ಹಿರಿಯ ಆಟಗಾರ ಎರಿಕ್ ಸೈಡೆಲ್ ಅವರ ಕೈಕೆಳಗೆ ಸೊನ್ನೆಯಿಂದ ಪೋಕರ್ ಕಲಿತು 2020ರಲ್ಲಿ ‘ದ ಬಿಗೆಸ್ಟ್ ಬ್ಲಫ್’ ಬರೆದರು. ಅದರಲ್ಲಿ ಸೈಡೆಲ್ ಇಂಥ ಕತೆಗಳಿಗೆ ಕಿವಿಗೊಡುವುದೇ ಇಲ್ಲ. ನಿನ್ನ ಯೋಚನೆ ಹೇಗೆ ಸಾಗಿತು ಹೇಳು, ಏನಾಯಿತೆಂದು ಹೇಳಬೇಡ ಎಂಬ ಧೋರಣೆ. ಕೈಯನ್ನು ಗೆಳೆಯನಿಗೆ ವಿವರಿಸುವಾಗ ಕೊನೆಯಲ್ಲಿ ಯಾರು ಗೆದ್ದರೆಂದು ಹೇಳದೆ ಮುಚ್ಚಿಟ್ಟು, ಅವನ ಅಭಿಪ್ರಾಯ ಕೇಳುವ ಪದ್ಧತಿ ಒಳ್ಳೆಯ ಆಟಗಾರರಲ್ಲಿ ಇದೆ. ನನಗೆ ಗೊತ್ತಿರುವ ಉಪಾಯಗಳಲ್ಲಿ ಅತಿ ಅಗ್ಗದ್ದು ಇದು, ಬಹುಶಃ ಅತಿ ಉಪಯುಕ್ತವೂ ಹೌದು. ಗೆದ್ದ ಕೈಗಳನ್ನೂ ಹೀಗೆ ಮುಂದಿಡಬೇಕು ಎಂಬುದೇ ಕಷ್ಟ. ಸೋತ ಕೈಯನ್ನು ಎಲ್ಲರೂ ಬಿಚ್ಚಿ ನೋಡುತ್ತಾರೆ, ಗೆದ್ದ ಕೈಯಲ್ಲಿ ಅಡಗಿದ 109 ರೂಪಾಯಿಯ ತಪ್ಪು ಹಾಗೇ ಜೇಬಿನಲ್ಲಿ ಮನೆ ಸೇರುತ್ತದೆ.

ಕೊನೆಗೆ ಉಳಿಯುವುದು ಸೋಲುತ್ತಿರುವವನ ಪ್ರಶ್ನೆ: ಬಿಡಬೇಕೇ, ಮುಂದುವರಿಸಬೇಕೇ? 50,000 ಕೈ ಆಡಿ, 100 ಕೈಗೆ 2 ಬಿಗ್ ಬ್ಲೈಂಡ್‌ನಂತೆ ಕಳೆದುಕೊಂಡವನನ್ನು ತೆಗೆದುಕೊಳ್ಳಿ. ಅವನ ನಿಜವಾದ ಮಟ್ಟ ಮೈನಸ್ 11ರಿಂದ ಪ್ಲಸ್ 7ರವರೆಗೆ ಎಲ್ಲಿ ಬೇಕಾದರೂ ಇರಬಹುದು ಎಂದಷ್ಟೇ ಲೆಕ್ಕ ಹೇಳುತ್ತದೆ. ಅಂದರೆ ಅವನು ಶುದ್ಧ ಸೋಲಾಳಾಗಿರಬಹುದು, ಜೀವನ ನಡೆಸುವಷ್ಟು ಸಮರ್ಥನೂ ಆಗಿರಬಹುದು. ಸಂಖ್ಯೆಗಳು ಇಲ್ಲಿ ಕೈಚೆಲ್ಲುತ್ತವೆ. ಪ್ಲಸ್ 7 ಎಂಬ ಆ ತುದಿಯನ್ನು ಹಿಡಿದುಕೊಂಡು ಸಾಲ ಮಾಡಿ ಕೂರುವವರನ್ನು ಈ ಆಟ ಸಾಕಿಕೊಂಡು ಬಂದಿದೆ. ಹೊಟ್ಟೆಬಟ್ಟೆಯ ದುಡ್ಡಾದರೆ ಮೈನಸ್ 11ನ್ನು ನಿಜವೆಂದು ಹಿಡಿದು ಏಳುವುದೇ ವಿವೇಕ, ಅದು ನಿಜವಲ್ಲದೆ ಇರಬಹುದು ಎಂದು ಗೊತ್ತಿದ್ದೂ. ಸಿನಿಮಾಗೋ ಹೋಟೆಲ್ಲಿಗೋ ತೆಗೆದಿಟ್ಟ ದುಡ್ಡಾದರೆ ಇನ್ನೂ ಐದು ವರ್ಷ ಆಡಲಿ. ಐದು ವರ್ಷ ಕಳೆದ ಮೇಲೂ ಅವನ ಲೆಕ್ಕದ ಪುಸ್ತಕ ಇಷ್ಟೇ ಮಸುಕಾಗಿರುತ್ತದೆ ಎಂದು ಮೊದಲೇ ಹೇಳಿ ಕೂರಿಸಬೇಕು.